ಕ್ಲೋಸ್‌ಪೇಟೆಯ ಕ್ಲೋಸ್ ಯಾರು?

ಸಿವಿಲ್‌ನವರು ಎಂಜಿನಿಯರಿಂಗ್ ಜಿಯಾಲಜಿ ಓದುವಾಗ ಒಂದು ಹೆಸರು ಸಿಕ್ಕೇ ಸಿಗುತ್ತೆ: ಕ್ಲೋಸ್‌ಪೇಟ್ ಗ್ರಾನೈಟ್. ವಯಸ್ಸು ಸುಮಾರು 250 ಕೋಟಿ ವರ್ಷ, ಬಣ್ಣ ಬೂದು ಇಲ್ಲವೇ ಗುಲಾಬಿ, ದಪ್ಪ ದಪ್ಪ ಫೆಲ್ಡ್‌ಸ್ಪಾರ್ ಹರಳುಗಳು, ಇಷ್ಟು ಬರೆದರೆ ಅಂಕ ಬಂತು. ಆಮೇಲೆ ಯಾರಾದರೂ ಕುತೂಹಲಕ್ಕೆ ಫೋನ್ ತೆಗೆದು ಮ್ಯಾಪಿನಲ್ಲಿ ಕ್ಲೋಸ್‌ಪೇಟ್ ಹುಡುಕಿದರೆ ಅಂಥ ಊರೇ ಇಲ್ಲ. ಯಾಕಂದ್ರೆ ಅದು ನಮ್ಮ ರಾಮನಗರದ ಹಳೇ ಹೆಸರು.

ನಮ್ಮ ಕನ್ನಡ ಸಂಘದಲ್ಲಿ ಸೋಲೂರು ಹೋಬಳಿಯವರು ಮೂವರಿದ್ದೇವೆ. ನೆಲಮಂಗಲ ದಾಟಿ ಕುಣಿಗಲ್ ಕಡೆ ಹೈವೇಯಲ್ಲಿ ಹೋಗುವಾಗ ಸಿಗುವ ಊರು ಸೋಲೂರು. ಅಲ್ಲಿಂದ ದಕ್ಷಿಣಕ್ಕೆ ತಿರುಗಿದರೆ ಮಾಗಡಿ, ಇನ್ನೂ ಮುಂದೆ ರಾಮನಗರ. ಬಸ್ಸಿನಲ್ಲಿ ಎಷ್ಟೋ ಸಲ ಓಡಾಡಿದ ದಾರಿ. ಆ ದಾರಿಯ ಕೊನೆಯಲ್ಲಿರುವ ಊರಿಗೆ ಸುಮಾರು ಒಂದೂವರೆ ಶತಮಾನ ಕಾಲ ಒಬ್ಬ ಬ್ರಿಟಿಷ್ ಅಧಿಕಾರಿಯ ಹೆಸರಿತ್ತು ಅನ್ನೋದು ನಮಗೆ ಗೊತ್ತಾದದ್ದು ಕಲ್ಲಿನ ಪಾಠದಿಂದ. ಇತಿಹಾಸದ ಪಾಠದಲ್ಲಿ ಇದು ಬಂದೇ ಇರಲಿಲ್ಲ. ಹಾಗಾಗಿ ಈ ಸಂಚಿಕೆಗೆ ಇದನ್ನೇ ಕೆದಕೋಣ ಅಂತ ಕೂತೆವು.

ಮೊದಲು ಹುದ್ದೆಗಳ ಲೆಕ್ಕ

ವೈಸ್‌ರಾಯ್ ಅಂದರೆ ರಾಜನ ಬದಲು ಕೂತು ಆಳುವವನು. ಕಾಲೇಜಿನ ಭಾಷೆಯಲ್ಲಿ ಹೇಳೋದಾದ್ರೆ ಪ್ರಾಕ್ಸಿ. ಆದರೆ ಹಾಜರಿ ಹಾಕೋದಕ್ಕೆ ಮಾತ್ರ ಬರುವ ಪ್ರಾಕ್ಸಿ ಅಲ್ಲ, ಸಹಿ ಹಾಕುವ ಅಧಿಕಾರವೂ ಇರುವ ಪ್ರಾಕ್ಸಿ. ಭಾರತದಲ್ಲಿ ಈ ಬಿರುದು ಬಂದದ್ದು 1858ರಲ್ಲಿ, ಆಡಳಿತ ಈಸ್ಟ್ ಇಂಡಿಯಾ ಕಂಪನಿಯಿಂದ ರಾಣಿಯ ಕೈಗೆ ಹೋದಾಗ. ಕ್ಯಾನಿಂಗ್ ಮೊದಲನೆಯ ವೈಸ್‌ರಾಯ್. ಅದಕ್ಕೆ ಮುಂಚೆ ಆ ಕುರ್ಚಿಯಲ್ಲಿ ಇದ್ದದ್ದು ಕಂಪನಿಯ ಗವರ್ನರ್ ಜನರಲ್.

ಮೈಸೂರಿನಂಥ ಸಂಸ್ಥಾನದಲ್ಲಿ ಗವರ್ನರ್ ಜನರಲ್ ತಾನೇ ಬಂದು ಕೂರುತ್ತಿರಲಿಲ್ಲ. ತನ್ನ ಪರವಾಗಿ ಒಬ್ಬ ರೆಸಿಡೆಂಟ್‌ನನ್ನು ಇಡುತ್ತಿದ್ದ. ಅಂದ್ರೆ ಪ್ರತಿನಿಧಿಗೆ ಇನ್ನೊಬ್ಬ ಪ್ರತಿನಿಧಿ. ಹೆಸರಿಗೆ ಸಲಹೆಗಾರ, ಆದರೆ ಅವನ ಸಲಹೆಯನ್ನು ಬೇಡ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡ ಮೇಲೆ 50 ವರ್ಷ ಕಮಿಷನರ್‌ಗಳೇ ನೇರವಾಗಿ ಆಳಿದರು. 1881ರಲ್ಲಿ ರಾಜ್ಯ ಒಡೆಯರಿಗೆ ವಾಪಸ್ ಬಂತು, ರೆಸಿಡೆಂಟ್ ಕೂಡ ವಾಪಸ್ ಬಂದ. ನಮ್ಮ ಕಡೆಯ ಇಂಗ್ಲಿಷ್ ಹೆಸರುಗಳನ್ನು ಓದುವಾಗ ಈ ಮೂರು ಹುದ್ದೆಗಳನ್ನು ಬೇರೆ ಬೇರೆ ಮಾಡಿಕೊಂಡರೆ ಅರ್ಧ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತೆ.

ಹೆಸರಿಟ್ಟವರು ಪೂರ್ಣಯ್ಯ

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಕಂಪನಿಯವರು ಮೈಸೂರಿನ ಗದ್ದುಗೆಯ ಮೇಲೆ ಐದು ವರ್ಷದ ಹುಡುಗ ಕೃಷ್ಣರಾಜ ಒಡೆಯರನ್ನು ಕೂರಿಸಿದರು. ಅಷ್ಟು ಚಿಕ್ಕ ಮಗು ಆಳೋದಿಲ್ಲವಲ್ಲ, ದಿವಾನರು ಬೇಕು. ಟಿಪ್ಪುವಿನ ಹಣಕಾಸನ್ನು ನೋಡಿಕೊಳ್ಳುತ್ತಿದ್ದ ಪೂರ್ಣಯ್ಯನವರೇ ಆ ಜಾಗಕ್ಕೆ ಬಂದರು. ನಿನ್ನೆಯವರೆಗೆ ಯಾರ ವಿರುದ್ಧ ಯುದ್ಧದ ಖರ್ಚು ಲೆಕ್ಕ ಹಾಕುತ್ತಿದ್ದರೋ ಇವತ್ತು ಅವರ ಒಪ್ಪಿಗೆಯಿಂದಲೇ ಕೆಲಸ. ಮೇಲೆ ವರ್ಷಕ್ಕೆ 7 ಲಕ್ಷ ಪಗೋಡ, ಅಂದರೆ ರೂಪಾಯಿ ಲೆಕ್ಕದಲ್ಲಿ 24.5 ಲಕ್ಷ, ಕಂಪನಿಗೆ ಪೊಗದಿ ಕಟ್ಟಬೇಕು. ಹಣ ಸರಿಯಾಗಿ ಬರದಿದ್ದರೆ ರಾಜ್ಯವನ್ನೇ ಕೈಗೆ ತೆಗೆದುಕೊಳ್ಳುತ್ತೇವೆ ಅನ್ನುವ ಷರತ್ತು ಒಪ್ಪಂದದಲ್ಲೇ ಇತ್ತು.

ಆಗ ಮೈಸೂರಿಗೆ ಮೊದಲ ರೆಸಿಡೆಂಟ್ ಆಗಿ ಬಂದವನು ಬ್ಯಾರಿ ಕ್ಲೋಸ್. ಮದರಾಸಿನ ಸೇನೆಯ ಅಧಿಕಾರಿ. ಮೈಸೂರಿನಲ್ಲಿ ಅವನು ಇದ್ದದ್ದು ಎರಡು ವರ್ಷದಷ್ಟು, 1801ರಲ್ಲಿ ಪುಣೆಗೆ ರೆಸಿಡೆಂಟ್ ಆಗಿ ಹೋದ. ಅಲ್ಲಿ ಪೇಶ್ವೆ ಎರಡನೇ ಬಾಜಿರಾಯನ ಜೊತೆ 1802ರ ಡಿಸೆಂಬರ್ 31ರಂದು ಬಸ್ಸೀನ್ ಒಪ್ಪಂದ ಕುದುರಿಸಿದವನೂ ಇವನೇ. ಆ ಒಪ್ಪಂದವನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಇಸವಿ ಸಮೇತ ಬಾಯಿಪಾಠ ಮಾಡಿದ್ದೇವೆ. ಅದನ್ನು ಮಾಡಿಸಿದವನ ಹೆಸರು ನಮ್ಮ ಪಕ್ಕದ ಊರಿಗಿತ್ತು ಅಂತ ಮಾತ್ರ ಯಾರೂ ಹೇಳಲಿಲ್ಲ.

ಬೆಂಗಳೂರು–ಶ್ರೀರಂಗಪಟ್ಟಣ ರಸ್ತೆ ಆಗ ಇಲ್ಲಿ ಕಾಡು, ಬಂಡೆಗಳ ನಡುವೆ ಹಾದು ಹೋಗುತ್ತಿತ್ತು. ಸಂಜೆಯಾದ ಮೇಲೆ ಓಡಾಡುವವರಿಗೆ ಭಯ. ಜನ ವಾಸ ಮಾಡಿದರೆ ದಾರಿ ತಾನಾಗಿ ಕ್ಷೇಮ ಆಗುತ್ತೆ ಅನ್ನುವ ಯೋಚನೆಯಿಂದ 1800ರಲ್ಲಿ ಪೂರ್ಣಯ್ಯನವರು ಅಲ್ಲೊಂದು ಪೇಟೆ ಕಟ್ಟಿಸಿದರು. ಅದಕ್ಕೆ ರೆಸಿಡೆಂಟ್‌ನ ಹೆಸರನ್ನೇ ಇಟ್ಟರು: ಕ್ಲೋಸ್‌ಪೇಟೆ. ಮುಂದಿನರ್ಧ ಇಂಗ್ಲಿಷ್, ಹಿಂದಿನರ್ಧ ಕನ್ನಡ. ಸಂಸ್ಕೃತ–ಕನ್ನಡ ಬೆರೆಸಿದರೇ ಅರಿಸಮಾಸ ಅಂತ ಹುಬ್ಬು ಗಂಟಿಕ್ಕುವ ವ್ಯಾಕರಣ ನಮ್ಮದು. ಇದನ್ನು ಕೇಶಿರಾಜ ಕೇಳಿದ್ದರೆ ಏನನ್ನುತ್ತಿದ್ದನೋ!

ನಾವು ಇಲ್ಲಿ ಸ್ವಲ್ಪ ನಿಲ್ಲಬೇಕು. ಇಂಗ್ಲಿಷ್ ಹೆಸರು ಕಂಡ ಕೂಡಲೇ ಯಾರೋ ಬಿಳಿಯ ಬಂದು ತನ್ನ ಹೆಸರಿನ ಬೋರ್ಡು ಹೊಡೆದು ಹೋದ ಅಂತ ಅಂದುಕೊಳ್ಳುತ್ತೇವೆ. ಕ್ಲೋಸ್‌ಪೇಟೆಯಲ್ಲಿ ಆದದ್ದು ಅದಲ್ಲ. ಹೆಸರಿಟ್ಟವರು ನಮ್ಮವರೇ, ಊರು ಕಟ್ಟಿದ್ದು ಸಂಸ್ಥಾನವೇ, ಮೇಲಿಂದ ನೋಡುತ್ತಿದ್ದವನಿಗೆ ಹೆಸರು ಸಂದಾಯ. ಇದನ್ನು ಬರೀ ಹೊಗಳಿಕೆ, ಬಕೆಟ್ ಹಿಡಿಯೋದು ಅಂತ ನಗಬಹುದು. ನಮಗೆ ಹಾಗನ್ನಿಸಲಿಲ್ಲ. ಒಂದು ಮಗು ರಾಜ, ಕಟ್ಟಲೇಬೇಕಾದ ಪೊಗದಿ, ಸೋತ ಪಕ್ಷದಿಂದ ಬಂದ ಮಂತ್ರಿ. ಇಷ್ಟರ ನಡುವೆ ರಾಜ್ಯ ಉಳಿಸಿಕೊಳ್ಳುವವರ ಹತ್ತಿರ ಕೊಡೋದಕ್ಕೆ ಏನಿತ್ತು? ಖರ್ಚಿಲ್ಲದೆ ಕೊಡಬಹುದಾದದ್ದು ಹೆಸರೊಂದೇ.

ನಾಲ್ಕು ವರ್ಷದ ಮೇಲೆ ಪೂರ್ಣಯ್ಯನವರು ಇನ್ನೊಂದು ಹೆಜ್ಜೆ ಮೇಲಕ್ಕೆ ಹೋದರು. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಉತ್ತರದ ಕವಲಿಗೆ ಕಲ್ಲಿನ ಸೇತುವೆ ಕಟ್ಟಿಸಿ 1804ರಲ್ಲಿ ಅದಕ್ಕೆ ವೆಲ್ಲೆಸ್ಲಿ ಸೇತುವೆ ಅಂತ ಹೆಸರಿಟ್ಟರು. ಇದು ಗವರ್ನರ್ ಜನರಲ್ ಮಾರ್ಕ್ವೆಸ್ ವೆಲ್ಲೆಸ್ಲಿಯ ಹೆಸರು, ಶ್ರೀರಂಗಪಟ್ಟಣದಲ್ಲಿ ಸೇನೆಯ ಜೊತೆ ಇದ್ದ ತಮ್ಮ ಆರ್ಥರ್ ವೆಲ್ಲೆಸ್ಲಿಯದ್ದಲ್ಲ. ಇಬ್ಬರನ್ನೂ ಒಬ್ಬರೇ ಮಾಡಿಬಿಡುವವರು ತುಂಬಾ ಜನ. ಸೇತುವೆಯಲ್ಲಿ ಕಮಾನುಗಳೇ ಇಲ್ಲ ಅನ್ನೋದನ್ನು ನಮ್ಮ ಸಿವಿಲ್ ಗೆಳೆಯರು ಗಮನಿಸಬೇಕು: ಬಂಡೆಯಲ್ಲಿ ನೆಟ್ಟ ಕಲ್ಲಿನ ಕಂಬಗಳು, ಅವುಗಳ ಮೇಲೆ ಕಲ್ಲಿನ ತೊಲೆಗಳು, ದೇವಸ್ಥಾನದ ಮಂಟಪ ಕಟ್ಟುವ ರೀತಿಯಲ್ಲೇ. ವಿದ್ಯೆ ನಮ್ಮ ಕಲ್ಲುಕುಟಿಗರದ್ದು, ಹೆಸರು ಕಲ್ಕತ್ತೆಯಲ್ಲಿ ಕೂತವನದ್ದು. ಇನ್ನೂರು ವರ್ಷದ ಪ್ರವಾಹಗಳನ್ನು ನೋಡಿಯೂ ಆ ಕಂಬಗಳು ನಿಂತಿವೆ.

ಬಂದು ಹೋದವನ ಹೆಸರು ಉಳಿಯಲಿಲ್ಲ

ಇದಕ್ಕೆ ಎದುರಾದ ಉದಾಹರಣೆ ನಮ್ಮ ಮಾಗಡಿ ತಾಲ್ಲೂಕಿನಲ್ಲೇ ಇದೆ. ಸಾವನದುರ್ಗಕ್ಕೆ ವೀಕೆಂಡ್ ಟ್ರೆಕ್ ಹೋಗದವರು ಈ ಕಾಲೇಜಿನಲ್ಲಿ ಕಡಿಮೆ. ಆ ಬೆಟ್ಟಕ್ಕೆ 1791ರ ಡಿಸೆಂಬರಿನಲ್ಲಿ ಒಬ್ಬ ಗವರ್ನರ್ ಜನರಲ್ಲೇ ಸೇನೆ ಸಮೇತ ಬಂದಿದ್ದ: ಲಾರ್ಡ್ ಕಾರ್ನ್‌ವಾಲಿಸ್. ಹತ್ತೋದಕ್ಕೇ ಆಗೋದಿಲ್ಲ ಅಂತ ಹೆಸರಾಗಿದ್ದ ಕೋಟೆಗೆ ಫಿರಂಗಿ ಎಳೆಸಿ, ಗೋಡೆ ಒಡೆಸಿ ಗೆದ್ದ. ಆದರೆ ಅಲ್ಲಿ ಕಾರ್ನ್‌ವಾಲಿಸ್ ದುರ್ಗವೂ ಇಲ್ಲ, ಕಾರ್ನ್‌ವಾಲಿಸ್ ಪಾಳ್ಯವೂ ಇಲ್ಲ. ಬೆಟ್ಟ ಸಾವನದುರ್ಗವಾಗಿಯೇ ಉಳಿಯಿತು. ಅಕ್ಕಪಕ್ಕದ ಎರಡು ಬಂಡೆಗಳು ಕರಿಗುಡ್ಡ, ಬಿಳಿಗುಡ್ಡ. ಗೆದ್ದು ಹೋದವನಿಗೆ ಇಲ್ಲದ ಗೌರವ, ಎಂಟು ವರ್ಷದ ನಂತರ ಆಫೀಸು ತೆರೆದು ಕೂತವನಿಗೆ ಸಿಕ್ಕಿತು. ಯುದ್ಧದ ಹೊತ್ತಿನಲ್ಲಿ ಯಾರೂ ಅರ್ಜಿ ಹಿಡಿದು ನಿಲ್ಲೋದಿಲ್ಲ, ಆಫೀಸಿನ ಬಾಗಿಲಲ್ಲಿ ನಿಲ್ಲುತ್ತಾರೆ.

ಸೋಲೂರು, ಕುದೂರು, ತಿಪ್ಪಸಂದ್ರ ಈ ಕಡೆ ಎಲ್ಲ ತಿರುಗಾಡಿದರೂ ಒಬ್ಬ ಲಾರ್ಡ್ ಹೆಸರಿನ ಊರು ನಮಗೆ ಸಿಗಲಿಲ್ಲ. ಇಲ್ಲಿನ ಹೆಸರುಗಳು ಬೇರೆ ಲೆಕ್ಕದಲ್ಲಿ ಹುಟ್ಟಿವೆ. ಕೊನೆಗೆ ‘ಸಂದ್ರ’ ಬಂದರೆ ಅದು ಸಮುದ್ರ, ಅಂದರೆ ದೊಡ್ಡ ಕೆರೆ. ‘ಪಾಳ್ಯ’ ಬಂದರೆ ಒಂದು ಕಾಲದ ದಂಡಿನ ಬಿಡಾರ, ಪಾಳೇಗಾರರ ನೆನಪು. ಉಳಿದಂತೆ ಹಳ್ಳಿ, ಪುರ. ಕೆರೆ ಕಟ್ಟಿದವನದ್ದೋ, ಮೊದಲು ನೆಲೆ ನಿಂತವನದ್ದೋ, ಊರ ದೇವರದ್ದೋ ಹೆಸರು ಅದರ ಮುಂದೆ. ದೊರೆಗಳ ಪೈಕಿ ಮಾಗಡಿ ಸೀಮೆಯಲ್ಲಿ ದಿನಾ ಬಾಯಿಗೆ ಬರುವ ಹೆಸರು ಕೆಂಪೇಗೌಡರದ್ದು ಮಾತ್ರ. ಇಂಗ್ಲಿಷ್ ಹೆಸರು ಹೆದ್ದಾರಿ ಹಿಡಿದು, ರೈಲು ಹಿಡಿದು, ಕಚೇರಿ ಇದ್ದ ಕಡೆಗೆ ಹೋಯಿತು. ಕೆರೆ ಏರಿ ಹತ್ತಿ ಹಳ್ಳಿಯೊಳಕ್ಕೆ ಬರಲಿಲ್ಲ.

ಹಾಗಂತ ನಮ್ಮ ಹೋಬಳಿಗೆ ಹೆಸರು ಬದಲಾವಣೆಯ ಬಿಸಿ ತಟ್ಟಿಲ್ಲ ಅಂತಲ್ಲ. ಅಜ್ಜಿಯ ಕಾಲದ ಪತ್ರಗಳಲ್ಲಿ ‘ಬೆಂಗಳೂರು ಜಿಲ್ಲೆ’. 1986ರಲ್ಲಿ ಬೆಂಗಳೂರು ಗ್ರಾಮಾಂತರ ಆಯಿತು. ನಮ್ಮ ಜನನ ಪ್ರಮಾಣಪತ್ರದಲ್ಲಿ ಅದೇ ಇದೆ. 2007ರಲ್ಲಿ ರಾಮನಗರ ಜಿಲ್ಲೆ ಬಂತು. ಎಸ್ಸೆಸ್ಸೆಲ್ಸಿ ಅರ್ಜಿಯಲ್ಲಿ ಅದು. 2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅನ್ನುವ ಹೆಸರನ್ನು ರಾಜ್ಯ ಸಚಿವ ಸಂಪುಟ ಒಪ್ಪಿತು. ಮನೆ ಇದ್ದಲ್ಲೇ ಇದೆ, ಬಾವಿ ಇದ್ದಲ್ಲೇ ಇದೆ. ಸ್ಕಾಲರ್‌ಶಿಪ್ ಫಾರ್ಮಿನಲ್ಲಿ ‘ಜಿಲ್ಲೆ’ ಅನ್ನುವ ಕಾಲಂ ಬಂದಾಗ ಮಾತ್ರ ಒಂದು ಕ್ಷಣ ಪೆನ್ನು ನಿಲ್ಲುತ್ತೆ. ಬ್ಯಾರಿ ಕ್ಲೋಸ್‌ನ ಕಥೆ ನಮಗೆ ಹಳೇ ಕಥೆ ಅನ್ನಿಸದೇ ಇರೋದಕ್ಕೆ ಇದೂ ಒಂದು ಕಾರಣ. ಬೆಂಗಳೂರಿನ ಹೆಸರು ಸೇರಿದರೆ ಜಮೀನಿಗೆ ಬೆಲೆ ಬರುತ್ತೆ, ಕಂಪನಿಗಳು ಬರುತ್ತವೆ ಅನ್ನೋ ವಾದ ಕೇಳುವಾಗ, ಹೆಸರು ಕೊಟ್ಟು ಕೃಪೆ ಕೇಳುವ ಲೆಕ್ಕಾಚಾರ ಪೂರ್ಣಯ್ಯನವರ ಕಾಲಕ್ಕೇ ಮುಗಿದಿಲ್ಲ ಅಂತ ನಮ್ಮಲ್ಲೇ ಒಬ್ಬರು ಅಂದರು. ಇನ್ನೊಬ್ಬರು ಒಪ್ಪಲಿಲ್ಲ: ಆಗ ಕೇಳಿದ್ದು ಉಳಿವು, ಈಗ ಕೇಳ್ತಿರೋದು ರೇಟು, ಎರಡೂ ಒಂದೇ ಅಲ್ಲ ಅಂತ.

ಊರು ಬಿಟ್ಟರೂ ಕಲ್ಲು ಬಿಡಲಿಲ್ಲ

ಸ್ವಾತಂತ್ರ್ಯ ಬಂದ ಮೇಲೆ ಕ್ಲೋಸ್‌ಪೇಟೆ ರಾಮನಗರವಾಯಿತು. ಆ ಶ್ರೇಯಸ್ಸನ್ನು ಅದೇ ಸೀಮೆಯವರಾದ ಕೆಂಗಲ್ ಹನುಮಂತಯ್ಯನವರಿಗೆ ಕೊಡೋದು ಆ ಕಡೆಯವರ ರೂಢಿ. ರಾಮದೇವರ ಬೆಟ್ಟ ಪಕ್ಕದಲ್ಲೇ ಇದ್ದದ್ದರಿಂದ ಹೊಸ ಹೆಸರು ಸಲೀಸಾಗಿ ಕೂತಿತು. 1975ರಲ್ಲಿ ‘ಶೋಲೆ’ ಬಂದಾಗ ಅದೇ ಬಂಡೆಗಳು ಇಡೀ ದೇಶಕ್ಕೆ ‘ರಾಮಗಢ’ವಾದವು, ಶೂಟಿಂಗ್ ನಡೆದ ಜಾಗವನ್ನು ನಿರ್ದೇಶಕರ ಹೆಸರಲ್ಲಿ ಸಿಪ್ಪಿ ನಗರ ಅಂತಲೂ ಕರೆದದ್ದುಂಟು. ಇಷ್ಟೆಲ್ಲ ಆದರೂ ಆ ಬಂಡೆಗಳು ಭೂವಿಜ್ಞಾನದ ಪುಸ್ತಕದಲ್ಲಿ ಇವತ್ತಿಗೂ ಕ್ಲೋಸ್‌ಪೇಟ್ ಗ್ರಾನೈಟ್ಟೇ.

ಇದಕ್ಕೆ ಕಾರಣ ಸೋಮಾರಿತನ ಅಲ್ಲ, ಒಂದು ನಿಯಮ. ಯಾವುದೇ ಶಿಲಾಸಮೂಹವನ್ನು ಮೊದಲು ಗುರುತಿಸಿ ವಿವರಿಸುವಾಗ ಹತ್ತಿರದ ಊರಿನದ್ದೋ ನದಿಯದ್ದೋ ಹೆಸರಿಡುತ್ತಾರೆ. ಆಮೇಲೆ ಆ ಊರಿನ ಹೆಸರು ಬದಲಾದರೂ ಕಲ್ಲಿನ ಹೆಸರನ್ನು ಬದಲಾಯಿಸೋದಿಲ್ಲ. ಯಾಕೆ ಅಂತ ನಮಗೆ, ಅದರಲ್ಲೂ ಕೋಡ್ ಬರೆಯುವವರಿಗೆ, ಬಿಡಿಸಿ ಹೇಳಬೇಕಿಲ್ಲ: ಎಲ್ಲ ಕಡೆ ಬಳಕೆಯಲ್ಲಿರುವ ವೇರಿಯಬಲ್‌ನ ಹೆಸರನ್ನು ಮಧ್ಯದಲ್ಲಿ ಬದಲಾಯಿಸಿದರೆ ಏನಾಗುತ್ತೆ? ಮೈಸೂರು ಭೂವಿಜ್ಞಾನ ಇಲಾಖೆಯ ಹಳೇ ವರದಿಗಳು, ನೂರು ವರ್ಷದ ಪ್ರಬಂಧಗಳು, ನಕ್ಷೆಗಳು ಎಲ್ಲ ಆ ಹೆಸರಿಗೆ ಕಟ್ಟಿಕೊಂಡಿವೆ. ಕನಕಪುರದ ಕಡೆಯಿಂದ ಉತ್ತರಕ್ಕೆ ರಾಮನಗರ, ಮಾಗಡಿ ಸೀಮೆ, ತುಮಕೂರು, ಪಾವಗಡ ಹೀಗೆ ಬಳ್ಳಾರಿಯ ಆಚೆಗೂ ಸುಮಾರು 400 ಕಿ.ಮೀ. ಉದ್ದಕ್ಕೆ, ಹೆಚ್ಚೂಕಮ್ಮಿ 20ರಿಂದ 30 ಕಿ.ಮೀ. ಅಗಲದ ಪಟ್ಟಿಯಾಗಿ ಈ ಕಲ್ಲು ಹಬ್ಬಿದೆ. ಪಾವಗಡದ ಬೆಟ್ಟಕ್ಕೂ ಸಾವನದುರ್ಗಕ್ಕೂ ಕ್ಲೋಸ್‌ನ ಹೆಸರೇ. ಎರಡು ವರ್ಷ ಇದ್ದು ಹೋದ ರೆಸಿಡೆಂಟ್‌ಗೆ ಇಷ್ಟು ದೊಡ್ಡ ಸ್ಮಾರಕ ಸಿಗುತ್ತೆ ಅಂತ ಪೂರ್ಣಯ್ಯನವರು ಕನಸಲ್ಲೂ ಎಣಿಸಿರಲಿಕ್ಕಿಲ್ಲ.

ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗದಲ್ಲಿ ಇನ್ನೊಂದು ಮಜಾ ಇದೆ. ಅಲ್ಲಿನ ಕಲ್ಲುಗಣಿಯೊಂದರಲ್ಲಿ ಗ್ನೈಸ್ ಶಿಲೆ ಚಾರ್ನೊಕೈಟ್ ಆಗಿ ಬದಲಾಗುತ್ತಿರುವ ಹಂತವೇ ಕಲ್ಲಿನ ಮೇಲೆ ಕಾಣುತ್ತದೆ, 1960ರಲ್ಲಿ ಸಿ.ಎಸ್. ಪಿಚ್ಚಮುತ್ತು ಅದನ್ನು ಜಗತ್ತಿಗೆ ತೋರಿಸಿದರು. ಚಾರ್ನೊಕೈಟ್‌ಗೆ ಆ ಹೆಸರು ಬಂದದ್ದು ಕಲ್ಕತ್ತೆಯಲ್ಲಿರುವ ಜಾಬ್ ಚಾರ್ನಕ್‌ನ ಸಮಾಧಿಯ ಕಲ್ಲಿನಿಂದ. ಚಾರ್ನಕ್ ವೈಸ್‌ರಾಯ್ ಅಲ್ಲ, ರೆಸಿಡೆಂಟೂ ಅಲ್ಲ, ಕಂಪನಿಯ ಏಜೆಂಟ್. ಆದರೂ ಕಂಪನಿಯ ಇಬ್ಬರು ನೌಕರರು ಕನಕಪುರದ ಕಲ್ಲುಗಳಲ್ಲಿ ಅಕ್ಕಪಕ್ಕ ಮಲಗಿದ್ದಾರೆ ಅನ್ನೋದನ್ನು ನೆನೆದು ನಾವು ನಕ್ಕಿದ್ದೇ ನಕ್ಕಿದ್ದು.

ಕಮಿಷನರ್‌ಗಳು, ವೈಸ್‌ರಾಯ್‌ಗಳು

ಕಮಿಷನರ್‌ಗಳ ಹೆಸರು ಬೆಂಗಳೂರಿನ ಕಡೆಗೆ ಜಾಸ್ತಿ. 1834ರಿಂದ 1861ರವರೆಗೆ ಆಳಿದ ಮಾರ್ಕ್ ಕಬ್ಬನ್ ಹೆಸರಲ್ಲಿ ಕಬ್ಬನ್‌ಪೇಟೆ, ಕಬ್ಬನ್ ಪಾರ್ಕ್. ಪಾರ್ಕ್ ಶುರುವಾದದ್ದು 1870ರಲ್ಲಿ, ಆಗಿನ ಕಮಿಷನರ್ ಮೀಡ್ ಹೆಸರಿನಲ್ಲಿ. ಆಮೇಲೆ ಕಬ್ಬನ್, 1927ರಲ್ಲಿ ಅಧಿಕೃತವಾಗಿ ಶ್ರೀ ಚಾಮರಾಜೇಂದ್ರ ಪಾರ್ಕ್. ಅಧಿಕೃತ ಹೆಸರಿಗೆ ಸುಮಾರು ನೂರು ವರ್ಷವಾಯಿತು. ಆಟೋದವರಿಗೆ ಆ ಹೆಸರು ಹೇಳಿ ನೋಡಿ, ಎಲ್ಲಿಗೆ ಕರಕೊಂಡು ಹೋಗ್ತಾರೋ! ಮೆಟ್ರೋ ನಿಲ್ದಾಣವೂ ಕಬ್ಬನ್ ಪಾರ್ಕೇ. ಆಸ್ಪತ್ರೆಯಲ್ಲಿ ಬೌರಿಂಗ್ ಅಂಡ್ ಲೇಡಿ ಕರ್ಜನ್, ಅಂದರೆ ಒಬ್ಬ ಕಮಿಷನರ್ ಮತ್ತು ಒಬ್ಬ ವೈಸ್‌ರಾಯ್‌ನ ಹೆಂಡತಿ ಒಂದೇ ಬೋರ್ಡಿನಲ್ಲಿ. ಅಲ್ಲಿನ ಹೊಸ ಮೆಡಿಕಲ್ ಕಾಲೇಜಿಗೆ ಅಟಲ್ ಬಿಹಾರಿ ವಾಜಪೇಯಿ ಹೆಸರು. ಮಿಂಟೋ ಕಣ್ಣಿನ ಆಸ್ಪತ್ರೆಯ ಮಿಂಟೋ 1905ರಿಂದ 1910ರವರೆಗೆ ವೈಸ್‌ರಾಯ್. ಸ್ಯಾಂಕಿ ಕೆರೆಯ ಸ್ಯಾಂಕಿಯನ್ನು ಈ ಪಟ್ಟಿಗೆ ಸೇರಿಸಬೇಡಿ, ಅವನು ಎಂಜಿನಿಯರ್. ನಮ್ಮ ಜಾತಿಯವನು!

ಮೈಸೂರಿನಲ್ಲಿ ವೈಸ್‌ರಾಯ್‌ಗಳದ್ದೇ ಸಾಲು. ಚಿಕ್ಕ ಗಡಿಯಾರ ಅಂತ ನಾವು ಕರೆಯೋದು ಡಫರಿನ್ ಗಡಿಯಾರ ಗೋಪುರ, 1886. ದೇವರಾಜ ಮಾರ್ಕೆಟ್ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡ 1892ರದ್ದು. 2012ರಲ್ಲಿ ಅದರ ಒಂದು ಭಾಗ ಕುಸಿದು ಜನ ಸತ್ತರು. ಅರಮನೆ ಪಕ್ಕ ಕರ್ಜನ್ ಪಾರ್ಕ್. ವೈಸ್‌ರಾಯ್ ಮೈಸೂರಿಗೆ ಬರೋದೇ ಅಪರೂಪ, ಬಂದಾಗ ಅದರ ಗುರುತಿಗೆ ಒಂದು ಕಟ್ಟಡ. ಇದರ ಹಿಂದಿನ ಹಣದ ಕಥೆ ನೋಡಿ: 1881ರಲ್ಲಿ ರಾಜ್ಯ ವಾಪಸ್ ಕೊಡುವಾಗ ಪೊಗದಿಯನ್ನು 24.5 ಲಕ್ಷದಿಂದ 35 ಲಕ್ಷಕ್ಕೆ ಏರಿಸುವ ಕರಾರಾಗಿತ್ತು. ಹೆಚ್ಚಿನ 10.5 ಲಕ್ಷವನ್ನು ಮುಂದೂಡಿಸಿ ಮುಂದೂಡಿಸಿ 1896ರವರೆಗೆ ತಪ್ಪಿಸಿಕೊಂಡರು. ಡಫರಿನ್, ಲ್ಯಾನ್ಸ್‌ಡೌನ್ ಇಬ್ಬರ ಹೆಸರಿನ ಕಟ್ಟಡಗಳೂ ಆ ಮುಂದೂಡಿದ ವರ್ಷಗಳಲ್ಲೇ ಎದ್ದವು. ಆ 10.5 ಲಕ್ಷವನ್ನು ಕೊನೆಗೆ ಬಿಟ್ಟುಕೊಡುತ್ತೇವೆ ಅಂತ 1927ರಲ್ಲಿ ಘೋಷಿಸಿದವನು ಲಾರ್ಡ್ ಇರ್ವಿನ್. ಕನ್ನಂಬಾಡಿಯ ಎಡದಂಡೆಯ ನಾಲೆಗೆ ಇರ್ವಿನ್ ನಾಲೆ ಅಂತ ಹೆಸರಾದದ್ದೂ ಅವನ ಕಾಲದಲ್ಲೇ.

ಈ ನಾಲೆಯ ಹೆಸರಿನ ಕಥೆ ನಮಗೆ ಎಲ್ಲಕ್ಕಿಂತ ಇಷ್ಟವಾಯಿತು. ಹುಲಿಕೆರೆಯ ಹತ್ತಿರ ಗುಡ್ಡ ಕೊರೆದು ಸುರಂಗದಲ್ಲಿ ನೀರು ದಾಟಿಸಿ ಮಂಡ್ಯದ ಬಯಲಿಗೆ ಹರಿಸಿದ ನಾಲೆ. ನೀರು ಬಂದ ಹೊಸದರಲ್ಲೇ, 1930ರ ದಶಕದ ಆರಂಭದಲ್ಲಿ, ಸರ್ಕಾರ ಹೇರಿದ ಹಣದ ಹೊರೆಯ ವಿರುದ್ಧ ರೈತರು ಎದ್ದರು. ಇತಿಹಾಸದಲ್ಲಿ ಅದಕ್ಕೆ ಇರ್ವಿನ್ ನಾಲೆ ಚಳವಳಿ ಅಂತಲೇ ಹೆಸರು. ವೈಸ್‌ರಾಯ್‌ಗೆ ಗೌರವ ಅಂತ ಇಟ್ಟ ಹೆಸರು ರೈತರ ಹೋರಾಟದ ಹೆಸರಾಗಿ ದಾಖಲಾಯಿತು. ನಾಲೆ ಈಗ ವಿಶ್ವೇಶ್ವರಯ್ಯ ನಾಲೆ, ಮಂಡ್ಯದವರ ಬಾಯಲ್ಲಿ ವಿ.ಸಿ. ನಾಲೆ. ಹೊಸ ಹೆಸರು ಇಲ್ಲಿ ನಿಂತಿತು, ಕಬ್ಬನ್ ಪಾರ್ಕಿನಲ್ಲಿ ನಿಲ್ಲಲಿಲ್ಲ. ವ್ಯತ್ಯಾಸ ಏನು ಅಂತ ತುಂಬಾ ಹೊತ್ತು ಮಾತಾಡಿದೆವು. ಕನ್ನಂಬಾಡಿ ಅಂದ ಕೂಡಲೇ ಮಂಡ್ಯದವರಿಗೆ ವಿಶ್ವೇಶ್ವರಯ್ಯನವರು ಮೊದಲೇ ನೆನಪಾಗುತ್ತಿದ್ದರು. ಆದೇಶ ಬಂದು ಜನರ ಮನಸ್ಸಿನಲ್ಲಿದ್ದದ್ದನ್ನು ಬರೆದುಕೊಂಡಿತು ಅಷ್ಟೆ. ಪಾರ್ಕಿನಲ್ಲಿ ಹಾಗಾಗಲಿಲ್ಲ.

ನಿಮ್ಮ ಊರಲ್ಲಿ ಇಂಥ ಹೆಸರಿದ್ದರೆ ನೀವೂ ಹುಡುಕಿ ನಮಗೆ ಬರೆದು ಕಳಿಸಿ. ಆ ಮನುಷ್ಯ ಯಾರು ಅನ್ನೋದರಲ್ಲೇ ನಿಲ್ಲಬೇಡಿ. ಯಾವ ಹುದ್ದೆಯಲ್ಲಿದ್ದ, ಹೆಸರಿಟ್ಟವರು ಯಾರು, ಕಟ್ಟಿದ ದುಡ್ಡು ಯಾರದ್ದು, ಆ ವರ್ಷ ಹೆಸರಿಟ್ಟವರಿಗೆ ಅವನಿಂದ ಏನು ಆಗಬೇಕಿತ್ತು ಅಂತ ಕೇಳಿ. ಹಳೇ ಹೆಸರು ಎಲ್ಲಿ ಬಚ್ಚಿಟ್ಟುಕೊಂಡಿದೆ ಅಂತಲೂ ನೋಡಿ, ಪಹಣಿಯಲ್ಲೋ, ಬಸ್ ಕಂಡಕ್ಟರ್ ಬಾಯಲ್ಲೋ, ಕಲ್ಲಿನ ಹೆಸರಲ್ಲೋ. ಕಮಿಷನರ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆ ಯಾವತ್ತೋ ಬಂಗಾರಪೇಟೆ ಆಯಿತು, ಪಕ್ಕದ ಕೆ.ಜಿ.ಎಫ್. ಚಿನ್ನಕ್ಕೆ ಆ ಹೆಸರು ಒಪ್ಪಿಯೂ ಬಿಟ್ಟಿತು. ಆದರೆ ಆ ಸ್ಟೇಷನ್‌ಗೆ ಟಿಕೆಟ್ ಬುಕ್ ಮಾಡುವಾಗ ರೈಲ್ವೆಯವರ ಕೋಡ್ ಗಮನಿಸಿ: ಬಿ.ಡಬ್ಲ್ಯು.ಟಿ. ಬಂಗಾರಪೇಟೆ ಅನ್ನೋ ಹೆಸರಲ್ಲಿ ಆ ಡಬ್ಲ್ಯುಗೆ ಜಾಗವೇ ಇಲ್ಲ.